ಅಂಗದ ಬೇನೆ, ಲಿಂಗದ ನಿಷ್ಠೆ

ಶರೀರವು ಮಲಪಿಂಡ, ಅದರ ಚಿಂತೆ ಅಜ್ಞಾನ ಎಂಬ ಮಾತು ಕೆಲವು ಮತಗಳಲ್ಲಿ ಉಂಟು. ಶಿವಶರಣರ ದೃಷ್ಟಿ ಹಾಗಲ್ಲ. ಗುರುವು ದೀಕ್ಷಾಕಾಲದಲ್ಲಿ ಅಂಗದ ಮೇಲೆ ಲಿಂಗವನ್ನು ನೆಲೆಗೊಳಿಸಿದ ಕ್ಷಣದಿಂದ ಆ ಅಂಗವು ಲಿಂಗದ ಮನೆಯಾಯಿತು. ಮನೆಯ ಯಜಮಾನನು ಒಳಗಿರುವಾಗ ಮಾಡು ಸೋರಿದರೆ ಸೋರಲಿ ಎಂದು ಕೈಕಟ್ಟಿ ಕೂರುವ ಸೇವಕನನ್ನು ಯಾರೂ ಭಕ್ತನೆನ್ನರು. ಅಂಗಕ್ಕೆ ಕಠಿಣವಾದ ವ್ಯಾಧಿ ಬಂದೊದಗಿದಾಗ ಸದ್ಭಕ್ತರ ನಡೆ ಹೇಗಿರಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸಲಾಗುವುದು.

ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಸಂಸಾರವನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳುವುದು ಲೇಸು. ಗದಗ ಸೀಮೆಯ ಒಂದು ಊರಿನಲ್ಲಿ ನೌಕರಿಯಲ್ಲಿರುವ ಗೃಹಸ್ಥನಿಗೆ ಹುಬ್ಬಳ್ಳಿಗೆ ವರ್ಗವಾಗಿದೆಯೆಂದು ಭಾವಿಸೋಣ. ಅವನ ಹೆಂಡತಿಗೆ ಐದನೆಯ ತಿಂಗಳು. ಅರ್ಧ ಸಾಮಾನು ಗೋಣಿಚೀಲದಲ್ಲಿ ಕಟ್ಟಿದೆ, ಅರ್ಧ ಕಪಾಟಿನಲ್ಲಿದೆ. ಆಕೆಯ ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿ ಎರಡು ತಿಂಗಳಾಗಿತ್ತು. ಅದು ಬಸುರಿನಲ್ಲಿ ಹಾಲು ಕಟ್ಟುವ ಲಕ್ಷಣವೆಂದು ಮನೆಯ ಹಿರಿಯ ಹೆಂಗಸರು ಹೇಳಿದ್ದರು. ಊರು ಬಿಡುವ ಮುನ್ನ ತಾಯಿ ಕಾರ್ಡಿನ ತಪಾಸಣೆಗೆ ಹೋದಾಗ ವೈದ್ಯರು ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳುಹಿದರು. ಅದು ಅರ್ಬುದ, ಲೋಕರೂಢಿಯಲ್ಲಿ ಕ್ಯಾನ್ಸರ್ ಎಂದು ವರದಿ ಬಂದಿತು.

ಇಂತಹ ಸಂಸಾರದ ಮುಂದೆ ಮೊದಲು ಇಡಬೇಕಾದುದು ಉಪದೇಶವಲ್ಲ, ನಿಜವಾದ ತಿಳಿವು. ಅರಿವೇ ಗುರುವೆಂದು ಬಗೆದ ಪರಂಪರೆಗೆ ಇದು ಒಪ್ಪುವ ಕ್ರಮವೇ ಸರಿ. ಗರ್ಭಕಾಲದಲ್ಲಿ ಸ್ತನದ ಅರ್ಬುದ ವಿರಳ. ಸುಮಾರು 3000 ಗರ್ಭಿಣಿಯರಲ್ಲಿ ಒಬ್ಬರಿಗೆ ಎಂಬುದು ವೈದ್ಯಗ್ರಂಥಗಳ ಸಾಮಾನ್ಯ ಲೆಕ್ಕ. ವಿರಳವಾದುದರಿಂದಲೂ, ಬಸುರಿನಲ್ಲಿ ಎದೆ ಸಹಜವಾಗಿಯೇ ಗಟ್ಟಿಯಾಗುವುದರಿಂದಲೂ ರೋಗವನ್ನು ಗುರುತಿಸುವುದು ತಡವಾಗುತ್ತದೆ. ಎರಡು ವಾರ ಕಳೆದರೂ ಕರಗದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಅತ್ತೆಯಾಗಲಿ ತಾಯಿಯಾಗಲಿ ಅದನ್ನು ಹಾಲಿನ ಗಂಟೆಂದು ತೀರ್ಮಾನಿಸುವ ಅಧಿಕಾರಿಗಳಲ್ಲ.

ರೋಗ ನಿಶ್ಚಯವಾದೊಡನೆ ಮನೆಯವರಲ್ಲಿ ಏಳುವ ಮೊದಲ ಭಯ, ತಾಯಿ ಮಗು ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಲೇಬೇಕು ಎಂಬುದು. ಅನೇಕ ಸಂದರ್ಭಗಳಲ್ಲಿ ಈ ಭಯ ನಿರಾಧಾರ. ಶಸ್ತ್ರಚಿಕಿತ್ಸೆಯನ್ನು ಗರ್ಭದ ಯಾವ ತಿಂಗಳಿನಲ್ಲಾದರೂ ಮಾಡಬಹುದು. ಶಿಶುವಿನ ಅವಯವಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳು ಕೀಮೋಥೆರಪಿಯೆಂಬ ಔಷಧೋಪಚಾರವನ್ನು ಕೊಡುವುದಿಲ್ಲ. ಆ ಬಳಿಕ, ಆಯ್ದ ಔಷಧಗಳನ್ನು ತಜ್ಞರ ಮೇಲ್ವಿಚಾರಣೆಯಲ್ಲಿ ಕೊಡುತ್ತಾರೆ. ಕಿರಣಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ತಡೆದಿಡುತ್ತಾರೆ. ಹೆರಿಗೆಯ ವೇಳೆಗೆ ತಾಯಿಯ ರಕ್ತದ ಬಲ ಮರಳಿ ಕೂಡಿಕೊಳ್ಳಲೆಂದು, ಔಷಧದ ಕೊನೆಯ ಸರದಿಗೂ ಹೆರಿಗೆಗೂ ನಡುವೆ ಸುಮಾರು 3 ವಾರಗಳ ಅಂತರವಿಡುತ್ತಾರೆ. ಗರ್ಭವನ್ನು ತೆಗೆಸಿದ ಮಾತ್ರಕ್ಕೆ ತಾಯಿಯ ಆಯುಷ್ಯ ಹೆಚ್ಚುವುದೆಂಬುದಕ್ಕೆ ಆಧಾರ ದೊರೆತಿಲ್ಲ. ಗರ್ಭದಲ್ಲಿದ್ದಾಗ ತಾಯಿಗೆ ಅರ್ಬುದ ಕಂಡುಬಂದ 129 ಮಕ್ಕಳನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳೊಡನೆ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಬುದ್ಧಿಯಲ್ಲಾಗಲಿ ಹೃದಯದಲ್ಲಾಗಲಿ ಚಿಕಿತ್ಸೆಯ ಕಾರಣದಿಂದ ಕೊರತೆ ಕಾಣಲಿಲ್ಲ. ಬುದ್ಧಿಯ ಬೆಳವಣಿಗೆ ಹಿಂದುಳಿದುದು ಅವಧಿಗೆ ಬಹಳ ಮುಂಚೆ ಜನಿಸಿದವರಲ್ಲಿ. ಹೇಗಾದರೂ ಮಗುವನ್ನು ಬೇಗ ಹೊರತೆಗೆಯಿರಿ ಎಂದು ವೈದ್ಯರನ್ನು ಒತ್ತಾಯಿಸುವ ಬಂಧುಗಳು ಇದನ್ನು ಮನನ ಮಾಡಬೇಕು. ರೋಗದ ಹಂತವೂ ಗರ್ಭದ ತಿಂಗಳೂ ಒಬ್ಬೊಬ್ಬರಿಗೆ ಒಂದೊಂದು ಬಗೆ. ನಿರ್ಣಯ ತಜ್ಞರದು, ಒಪ್ಪಿಗೆ ಆ ತಾಯಿಯದು.

ಎರಡನೆಯ ಪೀಡೆ ರೋಗದ್ದಲ್ಲ, ನಾಲಗೆಗಳದು. ಬಸುರಿಯಿರುವಾಗ ಮನೆ ಬದಲಿಸಬಾರದು ಎಂಬ ನಂಬಿಕೆ ನಾಡಿನಲ್ಲಿ ಬೇರೂರಿದೆ. ವರ್ಗದ ಸುದ್ದಿಯ ಹಿಂದೆಯೇ ವ್ಯಾಧಿಯ ಸುದ್ದಿ ಬಂದರೆ ಕೇಳಬೇಕೆ? ವಾಸ್ತು ಕೆಟ್ಟಿತು, ಗ್ರಹಣ ಹಿಡಿದಾಗ ಹೊರಗೆ ಬಂದಳು, ಹಿಂದಿನ ಜನ್ಮದ ಪಾಪ ಎಂದು ಸಂತಾಪ ಹೇಳಲು ಬಂದವರೇ ಒಂದೊಂದು ಕಲ್ಲು ಹೊರಿಸಿ ಹೋಗುತ್ತಾರೆ. ಗಂಟು ಹುಟ್ಟಿ ತಿಂಗಳುಗಳಾದ ಮೇಲೆ ವರ್ಗದ ಆದೇಶ ಬಂದಿತೆಂಬ ಸರಳ ಲೆಕ್ಕವೂ ಅವರಿಗೆ ಹೊಳೆಯುವುದಿಲ್ಲ. ತಿಥಿ, ವಾರ, ನಕ್ಷತ್ರ, ಶಕುನಗಳ ಭೀತಿಯನ್ನು ಶರಣರು ಒಂದೇ ಧ್ವನಿಯಿಂದ ಅಲ್ಲಗಳೆದರು. ಶಿವನನ್ನು ನೆನೆದ ಗಳಿಗೆಯೇ ಅವರಿಗೆ ಶುಭಗಳಿಗೆ. ಕರ್ಮದ ಮಾತಿಗೂ ಶಾಸ್ತ್ರದಲ್ಲಿಯೇ ಉತ್ತರವುಂಟು. ವೇಧಾ, ಮಂತ್ರ, ಕ್ರಿಯಾ ಎಂಬ ದೀಕ್ಷಾತ್ರಯದಿಂದ ಗುರುವು ಆಣವ, ಮಾಯಾ, ಕಾರ್ಮಿಕ ಮಲಗಳನ್ನು ಕಳೆಯುವನೆಂದು ಒಪ್ಪಿದ ಮೇಲೆ, ಲಿಂಗಧಾರಿಣಿಯಾದ ಹೆಣ್ಣುಮಗಳ ಮೇಲೆ ಪೂರ್ವಜನ್ಮದ ಪಾಪವನ್ನು ಹೊರಿಸುವವನು ಗುರುಕಾರುಣ್ಯವನ್ನೇ ಸಂದೇಹಿಸಿದಂತಾಗುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲ. ಆದುದರಿಂದ ಆಸ್ಪತ್ರೆಯ ಮಂಚದ ಮೇಲಿದ್ದರೂ, ಗಾಯಕ್ಕೆ ಪಟ್ಟಿ ಕಟ್ಟಿದ್ದರೂ ಆಕೆ ಲಿಂಗಪೂಜೆಗೆ ಅರ್ಹಳೇ. ಕುಳಿತುಕೊಳ್ಳಲಾರದ ದಿನ ಮಲಗಿದ್ದಲ್ಲಿಯೇ ಪಂಚಾಕ್ಷರಿಯನ್ನು ಸ್ಮರಿಸಿದರೂ ಪೂಜೆ ಸಂದಿತು.

ಭಕ್ತೆಯಾದವಳು ಅಳಬಾರದು, ಅಂಜಬಾರದು ಎಂದು ಹೇಳುವವರೂ ಉಂಟು. ಅದು ಶರಣರನ್ನು ಓದದವರ ಮಾತು. ಬಸವಣ್ಣನವರ ಭಕ್ತಸ್ಥಲದ ವಚನಗಳಲ್ಲಿ ಎಷ್ಟು ಮೊರೆ, ಎಷ್ಟು ಕಳವಳ, ಕೂಡಲಸಂಗಮದೇವನೊಡನೆ ಎಷ್ಟು ಜಗಳ! ಷಟ್‌ಸ್ಥಲದ ಮೊದಲ ಮೆಟ್ಟಿಲಿನಲ್ಲಿಯೇ ಕಣ್ಣೀರಿಗೆ ಸ್ಥಾನವಿದೆ. ಅಳುವುದಕ್ಕೆ ಒಬ್ಬನಿದ್ದಾನೆ ಎಂಬುದೇ ಭಕ್ತಿ.

ಮೂರನೆಯದಾದ ಪ್ರಸಾದಿಸ್ಥಲವು ಈ ಪ್ರಸಂಗದಲ್ಲಿ ಹೆಚ್ಚು ವಿಚಾರಕ್ಕೆ ಅರ್ಹ. ಏಕೆಂದರೆ ಅತಿಯಾಗಿ ಅಪಾರ್ಥಕ್ಕೆ ಗುರಿಯಾಗಿರುವುದೂ ಅದೇ. ಬಂದುದೆಲ್ಲವೂ ಶಿವಪ್ರಸಾದವೆಂದು ಕೈಕೊಳ್ಳುವವನೇ ಪ್ರಸಾದಿ. ಹಾಗಾದರೆ ರೋಗವೂ ಪ್ರಸಾದವಲ್ಲವೆ, ಅದನ್ನು ಔಷಧದಿಂದ ಹೊರದೂಡುವುದು ಪ್ರಸಾದದ್ರೋಹವಾಗದೆ ಎಂಬ ಶಂಕೆ ಏಳಬಹುದು. ಇದಕ್ಕೆ ಸಮಾಧಾನ: ಪ್ರಸಾದಕ್ಕೆ ಮೊದಲು ಅರ್ಪಿತವಿರಬೇಕು. ಲಿಂಗಕ್ಕೆ ಅರ್ಪಿಸಿ ಮರಳಿ ಪಡೆದುದು ಪ್ರಸಾದವಲ್ಲದೆ, ತಾನಾಗಿ ಮೈಮೇಲೆ ಬಿದ್ದುದೆಲ್ಲ ಪ್ರಸಾದವಲ್ಲ. ರೋಗವನ್ನು ಯಾರೂ ಲಿಂಗಕ್ಕೆ ನೈವೇದ್ಯ ಮಾಡುವುದಿಲ್ಲ, ಔಷಧವನ್ನು ಮಾಡಬಹುದು. ಗುಳಿಗೆಯನ್ನು ನುಂಗುವ ಮುನ್ನ, ಸೂಜಿಮದ್ದು ನರಕ್ಕೆ ಇಳಿಯುವ ಮುನ್ನ ಶಿವಾರ್ಪಣವೆಂದು ನೆನೆದು ಸ್ವೀಕರಿಸಿದರೆ ಅದು ಪ್ರಸಾದವೇ. ಬಸವಣ್ಣನವರ ಸಮಕಾಲೀನರಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ವೈದ್ಯವೇ ಅವನ ಕಾಯಕ. ರೋಗ, ಔಷಧ, ಪಥ್ಯಗಳ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದನು. ಚಿಕಿತ್ಸೆಯು ನಿಷ್ಠೆಗೆ ವಿರುದ್ಧವಾಗಿದ್ದರೆ ಶರಣಗಣದಲ್ಲಿ ವೈದ್ಯನಿಗೆ ಎಡೆ ದೊರೆಯುತ್ತಿರಲಿಲ್ಲ. ಸಂಕಟದಲ್ಲಿರುವವಳ ಎದುರಿಗೆ ನಿಂತು ನಿನ್ನ ರೋಗ ಶಿವನ ವರ ಎನ್ನುವುದಂತೂ ಬಾಯಿಗೆ ಸುಲಭವಾದ, ಹೃದಯಕ್ಕೆ ಕ್ರೂರವಾದ ಮಾತು.

ಇನ್ನು ನಿಷ್ಠಾವಂತರನ್ನು ನಿಜವಾಗಿ ಬಾಧಿಸುವ ಪ್ರಶ್ನೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದೊಯ್ಯುವಾಗ ಬಳೆ, ತಾಳಿಗಳೊಡನೆ ಶಿವದಾರವನ್ನೂ ಕರಡಿಗೆಯನ್ನೂ ತೆಗೆಯಿರೆಂದು ದಾದಿ ಹೇಳುತ್ತಾಳೆ. ಲಿಂಗವು ಅಂಗದಿಂದ ಅಗಲಿದರೆ ಪ್ರಾಣವನ್ನೇ ತ್ಯಜಿಸಬೇಕೆಂಬ ಕಠೋರ ವಿಧಿಯನ್ನು ಕೇಳಿ ಬೆಳೆದ ಹೆಣ್ಣುಮಗಳ ಕೈ ಆಗ ನಡುಗದೆ ಇರದು. ಇಂತಹ ಕಾರಣಕ್ಕೆ ಚಿಕಿತ್ಸೆಯನ್ನೇ ಬೇಡವೆಂದರೆ ಆಶ್ಚರ್ಯವಿಲ್ಲ. ಆದರೆ ಅದು ತಪ್ಪು ನಿರ್ಣಯ. ಆ ವಿಧಿಯು ಲಿಂಗವನ್ನು ಅಲಕ್ಷ್ಯದಿಂದ ಕಳೆದುಕೊಳ್ಳಬಾರದೆಂಬ ಎಚ್ಚರಕ್ಕಾಗಿ ಹುಟ್ಟಿದುದು. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮಕ್ಕೆ ಪ್ರಾಣಲಿಂಗ, ಕಾರಣಕ್ಕೆ ಭಾವಲಿಂಗ. ಹಿಂದಿನ ಎರಡನ್ನು ಯಾವ ದಾದಿಯೂ ತೆಗೆದಿಡಲಾರಳು. ನುಲಿಯ ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಬೀಳಲು, ಅವನು ಪ್ರಾಣ ಬಿಡಲಿಲ್ಲ. ಕಾಯಕಕ್ಕೆ ತಡವಾಗುವುದೆಂದು ಹುಲ್ಲಿನ ಹೊರೆಯೊಡನೆ ನಡೆದುಬಿಟ್ಟನು, ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂಬ ಕಥೆ ಶೂನ್ಯಸಂಪಾದನೆಯನ್ನು ಕೇಳಿದವರಿಗೆಲ್ಲ ತಿಳಿದಿದೆ. ಎಲ್ಲರೂ ಚಂದಯ್ಯನಾಗಬೇಕೆಂದಲ್ಲ. ಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಸುತ್ತಿ, ಲಿಂಗಧಾರಿಯಾದ ಗಂಡನ ಇಲ್ಲವೆ ತಾಯಿಯ ಕೈಯಲ್ಲಿ ಕೊಟ್ಟು ಒಳಗೆ ಹೋಗುವುದು, ಎಚ್ಚರವಾದ ಮೇಲೆ ಮರಳಿ ಧರಿಸುವುದು: ಇಷ್ಟು ಸಾಕು.

ಧಾರಣೆಯ ಸ್ಥಾನವೂ ಚಿಂತೆಗೆ ಕಾರಣವಾಗಬೇಕಾಗಿಲ್ಲ. ಎದೆಯ ಮೇಲೆ ಗಾಯವಿರುವಾಗ, ಅಥವಾ ಮುಂದೆ ಕಿರಣಚಿಕಿತ್ಸೆಯಿಂದ ಅಲ್ಲಿಯ ತೊಗಲು ಸುಟ್ಟಂತೆ ಕೆಂಪಾದಾಗ, ಬೆಳ್ಳಿಯ ಕರಡಿಗೆ ಅಲ್ಲಿ ತಾಗಿ ಉಜ್ಜಬಾರದು. ತಲೆ, ಕಂಠ, ಕಂಕುಳು, ಎದೆ, ಉದರ, ಅಂಗೈ ಇವು ಲಿಂಗಧಾರಣೆಗೆ ಯೋಗ್ಯಸ್ಥಾನಗಳೆಂದೂ ನಾಭಿಯಿಂದ ಕೆಳಗೆ ಸಲ್ಲದೆಂದೂ ಸಿದ್ಧಾಂತಶಿಖಾಮಣಿ ಹೇಳುತ್ತದೆ. ಹಿರಿಯರು ಇಷ್ಟು ಸ್ಥಾನಗಳನ್ನು ವಿಧಿಸಿರುವುದು ಎಂತಹ ಸೌಕರ್ಯ! ಕರಡಿಗೆಯನ್ನು ಬಿಟ್ಟು ಮೃದುವಾದ ಬಟ್ಟೆಯಲ್ಲಿ ಕಟ್ಟಿ ಬೇನೆಯಿಲ್ಲದ ಕಡೆಗೆ ಧರಿಸಬಹುದು.

ಮನೆ ಬದಲಿಸುವ ವಿಷಯದಲ್ಲಿ ಲಿಂಗವಂತರಿಗೆ ಇತರರಿಗಿಲ್ಲದ ಒಂದು ಸಮಾಧಾನವಿದೆ. ಸ್ಥಾವರವನ್ನು ನಂಬಿದವನು ಊರು ಬಿಟ್ಟರೆ ದೇವರನ್ನು ಬಿಟ್ಟಂತೆ. ಇಷ್ಟಲಿಂಗವೋ ಭಕ್ತನೊಡನೆಯೇ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವದಲ್ಲಿ ಚೆನ್ನಬಸವಣ್ಣನೊಡನೆ ಉಳವಿಯ ಕಾಡಿನತ್ತ ನಡೆದ ಶರಣ ಸಂಸಾರಗಳು ಕಟ್ಟಿಕೊಂಡು ಹೋದುದೇನು? ಅಂಗದ ಮೇಲಿನ ಲಿಂಗ, ವಚನದ ಓಲೆಕಟ್ಟು. ಆ ದಾರಿಯಲ್ಲಿ ಬಸುರಿಯರೂ ಬಾಣಂತಿಯರೂ ರೋಗಿಗಳೂ ಇರದಿದ್ದರೆಂದು ಯಾರು ಹೇಳಬಲ್ಲರು? ಅವರಿಗೆ ಮುಹೂರ್ತ ನೋಡುವ ವ್ಯವಧಾನವಿರಲಿಲ್ಲ.

ನಮ್ಮ ಗೃಹಸ್ಥನು ವರ್ಗವನ್ನು ರದ್ದು ಮಾಡಿಸಲು ಅಲೆಯಬೇಕೆ, ಹೋಗಬೇಕೆ? ಹೋಗುವುದೇ ಮೇಲು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದೇ ಒಂದು ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ಸುಮಾರು ಮೂರು ವಾರಕ್ಕೊಮ್ಮೆ ಔಷಧಕ್ಕೆ ಹೋಗಬೇಕಾದವಳಿಗೆ ಆಸ್ಪತ್ರೆಯ ಸಮೀಪದ ಮನೆಯೇ ಅನುಗ್ರಹ. ಆದರೆ ಸಾಮಾನು ಹೊರುವ ಹೊಣೆ ಆಕೆಯದಲ್ಲ. ಬಂಧುಗಳು ನೋಡಿ ಹೋಗಲು ಹಣ್ಣಿನ ಬುಟ್ಟಿ ಹಿಡಿದು ಬರುವ ಬದಲು ಎರಡು ದಿನ ಇದ್ದು ಪಾತ್ರೆ ಕಟ್ಟಲಿ, ಹೊಸ ಮನೆಯ ಒಲೆ ಹಚ್ಚಿಕೊಡಲಿ, ಅದೇ ದಾಸೋಹ. ಪರೀಕ್ಷೆಯ ವರದಿಗಳನ್ನೂ ತಾಯಿ ಕಾರ್ಡನ್ನೂ ಲಾರಿಯ ಪೆಟ್ಟಿಗೆಯಲ್ಲಿ ಹಾಕದೆ ಗಂಡನು ಕೈಚೀಲದಲ್ಲಿಯೇ ಒಯ್ಯಬೇಕು. ಚಿಕಿತ್ಸೆಯ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೊಸ ಊರಿನಲ್ಲಿ ನಡುರಾತ್ರಿ ಯಾವ ದಾರಿ, ಯಾರ ವಾಹನ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಂಡಿರಬೇಕು.

ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯವುಂಟು. ಅದನ್ನು ಬಿಡಬೇಕಾಗಿಲ್ಲ. ಆದರೆ ಆಗ ತಾಯಿಯ ರಕ್ತದಲ್ಲಿ ಸೋಂಕನ್ನು ತಡೆಯುವ ಕಣಗಳು ಕಡಮೆಯಾಗಿರುತ್ತವೆ. ನೂರು ಜನರ ಪಂಕ್ತಿ, ಕುಬಸದ ಗದ್ದಲ ಬೇಡ. ಗುರುವೊಬ್ಬರು, ಮನೆಯವರು ನಾಲ್ವರು ಸಾಕು. ಪಾದೋದಕಕ್ಕೆ ಕುದಿಸಿ ಆರಿಸಿದ ನೀರಿರಲಿ. ಇದನ್ನು ಗುರುಗಳಿಗೆ ಮೊದಲೇ ತಿಳಿಸಿದರೆ ಅವರು ಅನ್ಯಥಾ ಭಾವಿಸುವುದಿಲ್ಲ. ಭಾವಿಸಿದರೆ ಅವರಿಗೆ ತಿಳಿಯಹೇಳುವ ಧೈರ್ಯ ಮನೆಯ ಹಿರಿಯರಿಗಿರಬೇಕು.

ಮಗು ಹುಟ್ಟಿದ ಮೇಲೆ ಉಳಿಯುವ ಕೊನೆಯ ನೋವು ಹಾಲಿನದು. ಕೀಮೋಥೆರಪಿ ನಡೆಯುತ್ತಿರುವಾಗ ತಾಯಿಯು ಮೊಲೆಯೂಡಿಸುವಂತಿಲ್ಲ. ಔಷಧವು ಹಾಲಿನಲ್ಲಿ ಇಳಿಯಬಹುದು. ತಲೆಯ ಕೂದಲು ಉದುರಿದುದನ್ನು ಸಹಿಸಿದ ಹೆಣ್ಣುಮಗಳು ಈ ಒಂದಕ್ಕೆ ಕುಸಿಯುವುದುಂಟು. ತಾಯಿಯ ಹಾಲಿಲ್ಲದ ಕೂಸು ಎಂದು ಬಾಣಂತಿಕೋಣೆಯಲ್ಲಿ ಪಿಸುಗುಟ್ಟುವವರನ್ನು ಅತ್ತೆಯೇ ಹೊರಗೆ ಕಳಿಸಬೇಕು. ವೈದ್ಯರು ಹೇಳಿದ ಹಾಲನ್ನು, ಹೇಳಿದ ಅಳತೆಯಲ್ಲಿ, ಕುದಿಸಿ ತೊಳೆದ ಬಟ್ಟಲಿನಿಂದ ಅಜ್ಜಿ ಕುಡಿಸಲಿ, ತಂದೆ ಕುಡಿಸಲಿ. ಕೈಯಲ್ಲಿ ಬಲವಿದ್ದ ದಿನ ತಾಯಿಯೇ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟಲನ್ನು ಲಿಂಗಕ್ಕೆ ತೋರಿ, ಒಂದೊಂದೇ ಗುಟುಕು ಹನಿಸಲಿ.