ಯಾವ ತೋಡಿಗೆ ಎಷ್ಟು ಮಳೆ?

ಮಗಳೇ, ನಿನ್ನನ್ನು ವಾರ್ಡ್ ಕಮಿಟಿಗೆ ಸೇರಿಸಿಕೊಂಡರೆಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಇನ್ನು ತೋಡು, ಚರಂಡಿ, ನೀರಿನ ಲೈನು ಎಂದು ದಿನಕ್ಕೊಬ್ಬರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಹವಾಮಾನ ಬದಲಾವಣೆಯ ವರದಿಗಳೂ ಮೊಬೈಲಿಗೆ ಬಂದು ಬೀಳುತ್ತವೆ. ಈ ಎರಡನ್ನು ಜೋಡಿಸುವವರು ನಮ್ಮಲ್ಲಿ ಕಡಿಮೆ. ಅದಕ್ಕೇ ದೊಡ್ಡಪ್ಪನ ಈ ನಾಲ್ಕು ಮಾತು.

ವರದಿ ಓದಿ ಆಮೇಲೆ ಏನು ಮಾಡುವುದೆಂದು ಯೋಚಿಸಬೇಡ. ಏನು ತೀರ್ಮಾನ ಮಾಡಲಿಕ್ಕುಂಟು ಎಂದು ಮೊದಲು ಗೊತ್ತುಮಾಡಿಕೋ, ವರದಿಯನ್ನು ಆಮೇಲೆ ಹುಡುಕು. ಒಂದು ಉದಾಹರಣೆ ಕೇಳು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳ ಅಧ್ಯಯನವೊಂದು 2021ರಲ್ಲಿ ಬಂತು. 2001ರಿಂದ 2019ರ ನಡುವೆ, ಅದಕ್ಕೆ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ, ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು, ಅವು ಕಡಲ ಮೇಲೆ ಉಳಿಯುವ ಒಟ್ಟು ಅವಧಿ ಶೇ. 80ರಷ್ಟು ಹೆಚ್ಚಿತು ಎಂದು ಅದು ಹೇಳುತ್ತದೆ. ಸುಮ್ಮನೆ ಓದಿದರೆ ಹೆದರಿಕೆ ಆದೀತು, ಅಷ್ಟೆ. ಆದರೆ ‘ನಮ್ಮ ತೋಡಿನ ಹೂಳು ಯಾವ ತಾರೀಕಿನೊಳಗೆ ತೆಗೆಯಬೇಕು?’ ಎಂಬ ಪ್ರಶ್ನೆ ಇಟ್ಟುಕೊಂಡು ಓದು, ಮೇ ತಿಂಗಳ ತಾರೀಕುಗಳನ್ನು ಪಕ್ಕದಲ್ಲಿಡು. ಮಂಗಳೂರು ಮುಳುಗಿದ್ದು 2018ರ ಮೇ 29ರಂದು. ತೌಕ್ತೆ ಚಂಡಮಾರುತ ಬಂದು ಉಳ್ಳಾಲ, ಸೋಮೇಶ್ವರದ ಮನೆಗಳನ್ನು ಕೆಡವಿದ್ದು 2021ರ ಮೇ ನಡುವಿನಲ್ಲಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತು ಅದು. ಹಾಗಾದರೆ ಜೂನ್ ಒಂದನ್ನು ಲೆಕ್ಕಕ್ಕಿಟ್ಟು ಮೇ ಕೊನೆಯ ವಾರ ಜೆಸಿಬಿ ಇಳಿಸಿದರೆ ಆಗಲಿಕ್ಕಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಹೂಳು ಎತ್ತಿ ಆಗಿರಬೇಕು, ಎತ್ತಿದ ಹೂಳು ದಂಡೆಯ ಮೇಲೆ ಉಳಿಯದೆ ಲಾರಿ ಹತ್ತಿರಬೇಕು. ಪುಣೆಯ ಅಧ್ಯಯನದಿಂದ ನಿನ್ನ ವಾರ್ಡಿಗೆ ಆಗಬೇಕಾದ ಪ್ರಯೋಜನ ಇದು.

ಮಿಲಿಮೀಟರನ್ನು ಜನರ ಲೆಕ್ಕಕ್ಕೆ ಇಳಿಸಿ ಹೇಳಲು ಕಲಿ. ನೂರು ಮಿಲಿಮೀಟರ್ ಮಳೆ ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಹತ್ತು ಸೆಂಟ್ಸ್ ಜಾಗದ ಮೇಲೆ ಅಷ್ಟು ಮಳೆ ಬಿದ್ದರೆ ಅದು ಸುಮಾರು ನಲವತ್ತು ಸಾವಿರ ಲೀಟರ್ ನೀರು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದವನ ಮನೆಯಿಂದ ಹೆಚ್ಚುಕಡಿಮೆ ಅಷ್ಟೂ ರಸ್ತೆಗೆ ಬರುತ್ತದೆ. ಹೀಗೆ ಹೇಳಿದರೆ ಇಂಗುಗುಂಡಿಯ ಮಾತು ಸಭೆಯಲ್ಲಿ ತಾನಾಗಿ ಏಳುತ್ತದೆ.

ಯಾರ ಅಳತೆ ಎಂದೂ ಕೇಳು. ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಇರುವುದು ಪಣಂಬೂರಿನಲ್ಲಿ ಮತ್ತು ಬಜ್ಪೆಯಲ್ಲಿ. ಒಂದು ಕಡಲ ಬದಿ, ಇನ್ನೊಂದು ಗುಡ್ಡದ ಮೇಲೆ. ಊರೊಳಗಿನ ಕೊಟ್ಟಾರ ಚೌಕಿಯ ಮಳೆ ಎರಡಕ್ಕೂ ಹೊಂದಬೇಕೆಂದಿಲ್ಲ. ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಕೊಡುವಂಥದ್ದು. 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಬಿದ್ದೀತು ಎಂದು ಅದರ ಅರ್ಥ. ಆದರೆ ತೋಡು ಉಕ್ಕುವುದು ದಿನದ ಲೆಕ್ಕಕ್ಕಲ್ಲ, ಗಂಟೆಯ ಲೆಕ್ಕಕ್ಕೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ನಿಮಗೆ ಹತ್ತಿರ ಎಲ್ಲಿದೆ ನೋಡಿ, ಗಂಟೆವಾರು ಅಂಕಿ ಕೇಳಿ ತೆಗೆದುಕೋ. ಪಕ್ಕದಲ್ಲಿ ಆ ದಿನದ ಭರತದ ಸಮಯ ಬರೆದಿಡು. ಕಡಲು ಏರಿರುವ ಹೊತ್ತಿಗೆ ಮಳೆ ಹೊಯ್ದರೆ ತೋಡಿನ ನೀರು ಹೊಳೆಗೆ ಇಳಿಯುವುದಿಲ್ಲ, ತಿರುಗಿ ಮನೆಯೊಳಗೆ ಬರುತ್ತದೆ. ನಂತರ ಮೋರಿಯ ಹತ್ತಿರ ಹೋಗಿ ಬಗ್ಗಿ ನೋಡು. ಅಡ್ಡ ಹಾದ ನೀರಿನ ಪೈಪು, ಕೇಬಲ್ಲು, ಅವಕ್ಕೆ ಸಿಕ್ಕಿಕೊಂಡ ಬೊಂಡದ ಚಿಪ್ಪು, ಥರ್ಮಾಕೋಲು ಕಾಣುತ್ತವೆ. ಎಷ್ಟೋ ಕಡೆ ಹೊಸ ಮೋರಿಗಿಂತ ಮೊದಲು ಆ ಪೈಪು ಮೇಲೆತ್ತಿಸಿದರೆ ಸಾಕು.

ಗುಡ್ಡದ ಲೆಕ್ಕ ಬೇರೆ. ನಮ್ಮ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಉಂಟು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲವೇ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆಯವರು ಈ ಮಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಹಾಗಾಗಿ ಗುಡ್ಡದ ಬುಡದ ಮನೆಯವರಿಗೆ ಇವತ್ತಿನ ಮಳೆ ಮಾತ್ರ ಕೇಳಿದರೆ ಸಾಲದು, ಹಿಂದಿನ ಕೆಲವು ದಿನಗಳ ಮಳೆಯನ್ನೂ ಕೂಡಿಸಬೇಕು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ಮಕ್ಕಳು ಹೋದದ್ದನ್ನು ನಾವು ಮರೆಯಬಾರದು. ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಬರೆಗಳ ಪಟ್ಟಿ ನಿನ್ನ ಕೈಯಲ್ಲಿರಲಿ. ಇಷ್ಟು ಮಳೆಯಾದರೆ ಈ ಮನೆಗಳವರು ಶಾಲೆಗೆ ಹೋಗಿ ಮಲಗುವುದು ಎಂದು ಮೊದಲೇ ನಿಶ್ಚಯಿಸಿಡಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನಿಂತು ಚರ್ಚೆ ಮಾಡುವ ವಿಷಯ ಅಲ್ಲ ಅದು.

ಊರಿನ ಹಳಬರ ಮಾತನ್ನೂ ದಾಖಲೆ ಎಂದೇ ತಿಳಿ. ಯಾವ ವರ್ಷ ನೀರು ಯಾರ ಮನೆಯ ಮೆಟ್ಟಿಲಿಗೆ ಬಂತು, ಈಗಿನ ಬಡಾವಣೆ ಹಿಂದೆ ಯಾವ ಬೈಲು ಎಂಬುದು ಕಂಪ್ಯೂಟರಿನಲ್ಲಿ ಇರಲಿಕ್ಕಿಲ್ಲ. ಪುತ್ತೂರು, ಸುಳ್ಯದ ಕಡೆ ದಶಕಗಳಿಂದ ದಿನವೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಅಡಿಕೆ ಕೃಷಿಕರಿದ್ದಾರೆ. ಬೋಟಿನವರನ್ನು ಕೇಳಿದರೆ ಕಡಲ್ಕೊರೆತದ ಬಗ್ಗೆ ಹೇಳಿಯಾರು: ಒಂದು ಕಡೆ ಕಲ್ಲು ಹಾಕಿದರೆ ಪಕ್ಕದ ಮರಳು ಹೋಗುತ್ತದೆ ಎಂದು. ಕರಾವಳಿ ಸಂಶೋಧನೆ ಮಾಡುವವರು ಉಪಗ್ರಹ ಚಿತ್ರ ಇಟ್ಟುಕೊಂಡು ಹೇಳುವುದೂ ಅದನ್ನೇ. ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸು. ಇಬ್ಬರ ಮಾತು ಹೊಂದದಿದ್ದರೆ ಬೇಸರ ಬೇಡ, ಮತ್ತೊಮ್ಮೆ ಅಳೆಯಬೇಕಾದ ಜಾಗ ಅದು.

ಮಳೆಗಾಲದ ಗಡಿಬಿಡಿಯಲ್ಲಿ ಬೇಸಗೆಯನ್ನು ಬಿಡಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ 2016ರಲ್ಲೂ 2019ರಲ್ಲೂ ತುಂಬೆ ಡ್ಯಾಮಿನ ನೀರು ಇಳಿದು ರೇಷನಿಂಗ್ ಆಯಿತು. ನೇತ್ರಾವತಿಯ ಒಳಹರಿವು ನಿಲ್ಲುವ ಲಕ್ಷಣ ಬೇಸಗೆಗೆ ಮೊದಲೇ ಕಾಣುತ್ತದೆ. ಡ್ಯಾಮಿನ ಮಟ್ಟ ಇಷ್ಟಕ್ಕೆ ಬಂದರೆ ಕಾರು ತೊಳೆಯುವುದು, ಕಟ್ಟಡ ಕೆಲಸ ನಿಲ್ಲಿಸುವುದು ಎಂದು ಗುರುತು ಹಾಕಿಸು. ವಾರ್ಡಿನ ಹಳೆ ಬಾವಿಗಳ ಕಸ ತೆಗೆಸುವುದಕ್ಕೂ ಅದೇ ಸಮಯ.

ವಿಜ್ಞಾನಿಗಳ ಹತ್ತಿರ ಹೋಗುವಾಗ ಸಂಕೋಚ ಬೇಡ, ಆದರೆ ‘ಹವಾಮಾನ ಬದಲಾವಣೆಯ ಬಗ್ಗೆ ಹೇಳಿ’ ಎನ್ನಬೇಡ. ಹಾಗೆ ಕೇಳಿದರೆ ಭಾಷಣ ಸಿಗುತ್ತದೆ. ‘ಈ ಮೋರಿಗೆ ಎಷ್ಟು ಅಗಲ ಬೇಕು, ಮುಂದಿನ ಮೂವತ್ತು ವರ್ಷಕ್ಕೆ?’ ಎಂದು ಕೇಳು. ಅವರು ಇಂತಿಷ್ಟೇ ಎನ್ನದೆ ‘ಇಷ್ಟರಿಂದ ಇಷ್ಟು’ ಎಂದರೆ ಗೊತ್ತಿಲ್ಲದೆ ಹೇಳಿದ್ದೆಂದು ತಿಳಿಯಬೇಡ. ಜೀವ ಹೋಗುವ ಜಾಗದಲ್ಲಿ ದೊಡ್ಡ ಅಂಕಿ ಹಿಡಿ, ನೀರು ಎರಡು ಗಂಟೆ ನಿಂತು ಹೋಗುವ ಜಾಗದಲ್ಲಿ ಸಣ್ಣದು ಸಾಕು.

ಇದನ್ನೆಲ್ಲ ಬಜೆಟಿಗೆ ಮೊದಲಿನ ಸಭೆಯಲ್ಲೇ ಎತ್ತು. ಬಜೆಟ್ ಆದಮೇಲೆ ಕೊಟ್ಟ ಸಲಹೆಗೆ ಒಳ್ಳೆಯ ಮಾತು ಸಿಕ್ಕೀತು, ದುಡ್ಡು ಸಿಗದು. ತಾರೀಕು, ಅಳತೆ, ಯಾರ ಜವಾಬ್ದಾರಿ ಎಂಬ ಮೂರನ್ನೂ ನಡಾವಳಿಯಲ್ಲಿ ಬರೆಸು. ಬರೆಸದೆ ಮಾತ್ರ ಸಭೆಯಿಂದ ಎದ್ದು ಬರಬೇಡ, ಮಾರಾಯ್ತಿ.