ಬೆಳಗಿನ ಓಟಕ್ಕೆ ಹೊಸದಾಗಿ ಇಳಿಯುವವರು ಮಾಡಬೇಕಾದ್ದು, ಮಾಡಬಾರದ್ದು

ನಲವತ್ತರ ಆಸುಪಾಸಿನಲ್ಲಿ ಮೊದಲ ಸಲ ಷೂ ಕಟ್ಟಿಕೊಂಡು ಹೊರಗೆ ಬರುವವರಿಗಾಗಿ ಈ ಸೂಚನೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ, ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ, ಎಲ್ಲೇ ಆಗಲಿ ಬೆಳಗಿನ ಹೊತ್ತು ಇಂಥವರನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಮೂರು ವಾರ ಹುಮ್ಮಸ್ಸಿನಿಂದ ಓಡಿ, ನಾಲ್ಕನೆಯ ವಾರ ಮಂಡಿ ಹಿಡಿದುಕೊಂಡು ಮನೆ ಸೇರುವವರೂ ಇವರಲ್ಲೇ ಹೆಚ್ಚು. ಓಟ ಬಿಟ್ಟುಹೋಗುವುದಕ್ಕೆ ಸೋಮಾರಿತನಕ್ಕಿಂತ ಅವಸರವೇ ದೊಡ್ಡ ಕಾರಣ. ಆದ್ದರಿಂದ ಮುಂದಿನ ಮಾತುಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಮಾಡಬೇಕಾದ್ದು

ಷೂ ಕೊಳ್ಳುವ ಮೊದಲು ವೈದ್ಯರನ್ನು ಕಾಣಿ. ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಅಪ್ಪ ಅಥವಾ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ 55 ವರ್ಷದೊಳಗೆ ಹೃದಯಾಘಾತ ಆಗಿರುವವರು ಇದನ್ನು ತಪ್ಪಿಸಲೇಬಾರದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಅವರು ಕ್ರಮವಾಗಿ ವ್ಯಾಯಾಮ ಮಾಡುತ್ತಿದ್ದವರಾದ್ದರಿಂದ ವ್ಯಾಯಾಮವೇ ಅಪಾಯ ಎಂಬ ಮಾತೂ ಆಗ ಹಬ್ಬಿತು. ಅದು ತಪ್ಪು. ಕ್ರಮವಾಗಿ ಮೈ ದಂಡಿಸುವವರಿಗೆ ಹೃದ್ರೋಗದ ಭಯ ಕಡಿಮೆ. ವರ್ಷಗಟ್ಟಲೆ ಕೂತೇ ಇದ್ದ ದೇಹವನ್ನು ಒಂದೇ ದಿನ ಬಿರುಸಾಗಿ ದುಡಿಸಿದಾಗ ಅಪಾಯ ಹೆಚ್ಚುತ್ತದೆ.

ಮೊದಲ ನಾಲ್ಕು ವಾರ ನಡೆಯಿರಿ, ಓಡಬೇಡಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷ ಆಯಿತು. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಕನಿಷ್ಠ ಪ್ರಮಾಣ ಅದೇ. ಅಷ್ಟಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಓಡಲೇಬೇಕು ಎಂದಿದ್ದರೆ ಐದನೆಯ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಬದಲಿಸುತ್ತಾ ಹೋಗಿ. ಜೊತೆಗಾರರೊಡನೆ ಪೂರಾ ವಾಕ್ಯ ಆಡಲು ಆಗುವಷ್ಟೇ ವೇಗವಿರಲಿ. ಮಾತು ತುಂಡಾಯಿತೆಂದರೆ ನಿಧಾನಿಸಿ. ದುಬಾರಿ ಕೈಗಡಿಯಾರ ಇದಕ್ಕಿಂತ ಹೆಚ್ಚಿನದನ್ನೇನೂ ಹೇಳುವುದಿಲ್ಲ.

ಇಷ್ಟು ನಿಧಾನ ಏಕೆಂದು ತಿಳಿದುಕೊಂಡರೆ ತಾಳ್ಮೆ ಬರುತ್ತದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಒಂದೂವರೆ ತಿಂಗಳಿಗೆ ಉಸಿರು ಹಗುರವಾಗಿ, ‘ಇನ್ನೆರಡು ಕಿಲೋಮೀಟರ್ ಹೋಗೋಣ’ ಅನಿಸುತ್ತದೆ. ಕಾಲು ಆಗಿನ್ನೂ ಸಿದ್ಧವಾಗಿರುವುದಿಲ್ಲ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ನೋವು, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುವುದು, ಎರಡೂ ಹೆಚ್ಚಾಗಿ ಈ ಅಂತರದಲ್ಲೇ ಹುಟ್ಟುತ್ತವೆ.

ವಾರಕ್ಕೆ ಎರಡು ದಿನ ಶಕ್ತಿಯ ಸಾಮು ಮಾಡಿ. ಜಿಮ್ ಚಂದಾ ಬೇಕಿಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ತಲೆಮಾರುಗಳಿಂದ ಹೊಡೆಯುತ್ತಿರುವ ಬಸ್ಕಿ ಮತ್ತು ದಂಡ ಸಾಕು. ಮಂಡಿ ಗಟ್ಟಿಯಿಲ್ಲದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರಲಿ. ದಂಡ ಆಗದವರು ಗೋಡೆಗೆ ಕೈ ಕೊಟ್ಟು ಶುರು ಮಾಡಲಿ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದು ಓಟಕ್ಕಿಂತಲೂ ಮುಖ್ಯ, ಏಕೆಂದರೆ ಮೂಳೆ ಸವೆತ ಆಗಲೇ ವೇಗ ಪಡೆಯುತ್ತದೆ. ‘ನಮಗೆ ವಾಕಿಂಗ್ ಸಾಕು’ ಎನ್ನುವ ಅಕ್ಕಂದಿರಿಗೆ ನನ್ನದೊಂದು ಕಳಕಳಿಯ ಮಾತು: ಮೂಳೆಗೆ ಅಷ್ಟು ಸಾಲದು.

ಊಟದ ತಟ್ಟೆಯನ್ನು ಸರಿಪಡಿಸಿ. ನಮ್ಮಲ್ಲಿ ಬಹುತೇಕರ ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿರುತ್ತದೆ, ಬೇಳೆ ತಿಳಿಸಾರಿನ ತಳದಲ್ಲಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಅದನ್ನು ಮನೆಯಲ್ಲೇ ಕೂಡಿಸಬಹುದು. 50 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ 11 ಗ್ರಾಂ, ಎರಡು ಮೊಟ್ಟೆಯಲ್ಲಿ 12, ಹಾಲು ಮೊಸರು ಸೇರಿ 400 ಮಿಲಿಲೀಟರಿನಲ್ಲಿ 13, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 6. ಮೊಟ್ಟೆ ತಿನ್ನದವರು ಕಾಳನ್ನು ಇಮ್ಮಡಿ ಮಾಡಿ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಮಿನಷ್ಟು ಸುಣ್ಣಾಂಶವೂ ಇದೆ; ಓಡುವವರ ಮೂಳೆಗೆ ಅದು ಬೇಕೇ ಬೇಕು. ಮುದ್ದೆ, ಹುರುಳಿ ಮೊಳಕೆಯ ಸಾರು, ಸೊಪ್ಪಿನ ಪಲ್ಯ ಬಡವರ ಊಟವೆಂದು ಬದಿಗೆ ಸರಿಸಿದ್ದು ನಾವು ಮಾಡಿದ ದೊಡ್ಡ ತಪ್ಪು.

ಊಟದ ಬೆನ್ನಿಗೇ ಕಾಫಿ, ಟೀ ಕುಡಿಯಬೇಡಿ. ಕುಡಿದರೆ ಸೊಪ್ಪು ಕಾಳಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ. ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳೂ ಆ ಲೆಕ್ಕದೊಳಗೇ.

ಷೂವನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಕೊಂಚ ಊದಿರುತ್ತದೆ. ಮುಂದುಗಡೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ರಸ್ತೆಯಲ್ಲಿ ಓಡುವವರು ಎದುರಿನಿಂದ ವಾಹನ ಬರುವ ಬದಿಯಲ್ಲೇ ಓಡಿ, ತಿಳಿ ಬಣ್ಣದ ಬಟ್ಟೆ ಹಾಕಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಮಾರ್ಚ್‌ನಿಂದ ಮೇವರೆಗೆ ಏಳು ಗಂಟೆಯೊಳಗೆ ಮನೆ ಸೇರಿ. ಬಿಸಿಲಲ್ಲಿ ಯಾರಾದರೂ ತಡಬಡಿಸಿ ಮಾತಾಡುತ್ತಾ ಕುಸಿದರೆ ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರಿಯಿರಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮಾಡಬಾರದ್ದು

ಪಾರ್ಕಿನ ಗೇಟಿನ ಹೊರಗೆ ಸ್ಟೀಲ್ ಪಾತ್ರೆಗಳಲ್ಲಿಟ್ಟು ಮಾರುವ ತರಕಾರಿ ರಸಗಳನ್ನು ಔಷಧಿಯೆಂದು ನಂಬಿ ಕುಡಿಯಬೇಡಿ. ಸೋರೆಕಾಯಿ ರಸದ ಬಗ್ಗೆ ವಿಶೇಷ ಎಚ್ಚರ ಬೇಕು. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಅಂಥ ರಸ ಕುಡಿದು ರಕ್ತ ವಾಂತಿಯಾಗಿ ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಹಾಗಲಕಾಯಿ ರಸದೊಡನೆ ಬೆರೆಸಿಬಿಟ್ಟರೆ ಯಾವುದರ ಕಹಿ ಎಂದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬೆರೆಸಬಾರದು ಎನ್ನುವುದು ಅದಕ್ಕೇ. ಮನೆಯಲ್ಲೇ ಮಾಡಿದರೂ ಮೊದಲು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಎಸೆಯಿರಿ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಶುರುವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ತರಕಾರಿ ಇರುವುದು ಪಲ್ಯಕ್ಕೆ, ಹುಳಿಗೆ.

ಪ್ರೋಟೀನ್ ಪುಡಿ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಓಡಿದ್ದಕ್ಕೆ ಬಹುಮಾನವೆಂದು ದರ್ಶಿನಿಗೆ ನುಗ್ಗಬೇಡಿ. ಒಂದು ಕಿಲೋ ತೂಕ ಒಂದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು ಒಂದು ಕ್ಯಾಲೊರಿ. 70 ಕಿಲೋ ತೂಕದವರು ಐದು ಕಿಲೋಮೀಟರ್ ಓಡಿದರೆ 350. ಬೆಣ್ಣೆ ಹಾಕಿದ ಮಸಾಲೆ ದೋಸೆ, ಜೊತೆಗೊಂದು ಕೇಸರಿಬಾತ್, ಕಾಫಿ ಸೇರಿದರೆ ಅದನ್ನು ಆರಾಮವಾಗಿ ಮೀರುತ್ತದೆ. ಗೆಳೆಯರೊಡನೆ ಭಾನುವಾರ ತಿನ್ನಿ, ತಪ್ಪಿಲ್ಲ. ದಿನಾ ತಿಂದು ‘ಓಡಿದರೂ ತೂಕ ಇಳಿಯಲಿಲ್ಲ’ ಎಂದು ಓಟದ ಮೇಲೆ ದೂರು ಹೇಳಬೇಡಿ.

ಓಡುವ ಮೊದಲು ನೋವಿನ ಮಾತ್ರೆ ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತೆಗೆದುಕೊಂಡು ಬೆವರಿ ನೀರು ಕಳೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮಾತ್ರೆಯಿಲ್ಲದೆ ಓಡಲಾರೆನೆಂದರೆ ಅವತ್ತು ಓಡಬಾರದು.

ಜ್ವರವಿದ್ದಾಗ ಓಡಬೇಡಿ. ಡೆಂಗಿಯಿಂದ ಎದ್ದವರು ವೈದ್ಯರು ಒಪ್ಪುವವರೆಗೆ ನಡಿಗೆಗಿಂತ ಮುಂದೆ ಹೋಗಬೇಡಿ.

ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು, ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು ಬೆವರು ಸುರಿಸಬೇಡಿ. ಇಳಿಯುವುದು ನೀರು, ಕೊಬ್ಬಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಷ್ಟು ಬೇಕಾದರೂ ಹತ್ತಿ, ಓಡಿಕೊಂಡು ಇಳಿಯಬೇಡಿ. ಮಂಡಿಗೆ ಭಾರ ಬೀಳುವುದು ಇಳಿಯುವಾಗ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ, ಒಬ್ಬಂಟಿಯಾಗಿ, ಬರಿಗಾಲಲ್ಲಿ ಹೊರಡಬೇಡಿ. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು. ಕೈ ನಡುಗಿ, ತಣ್ಣಗೆ ಬೆವರಿ, ಕಣ್ಣು ಮಂಜಾದರೆ ನಿಂತು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಕೂರಿ. ಮನೆಗೆ ಬಂದು ಪಾದದ ಅಡಿಯನ್ನು ದಿನಾ ನೋಡಿಕೊಳ್ಳಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಗುಳ್ಳೆ ಎದ್ದದ್ದು ತಿಳಿಯುವುದಿಲ್ಲ.

ನಾಯಿ ಬೆನ್ನು ಹತ್ತಿದರೆ ವೇಗ ಹೆಚ್ಚಿಸಬೇಡಿ. ನಿಂತುಬಿಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ನಲ್ಲಿ ನೀರಿನಡಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ ಮೆತ್ತಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10ಕೆ ಓಟದ ಜಾಹೀರಾತು ನೋಡಿ, ಒಂದು ತಿಂಗಳ ತಯಾರಿಯಲ್ಲಿ ಹೆಸರು ಬರೆಸಬೇಡಿ. ಮುಂದಿನ ವರ್ಷವೂ ಓಟ ಇರುತ್ತದೆ.

ಕೊನೆಯದು, ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಓಡುವಾಗಲೋ ಓಡಿ ಬಂದ ಮೇಲೋ ಎದೆ ಹಿಂಡಿದಂತಾಗಿ, ನೋವು ಎಡಗೈಗೆ, ದವಡೆಗೆ ಇಳಿದರೆ, ಮೈ ತಣ್ಣಗಾಗಿ ಬೆವರಿದರೆ ‘ಗ್ಯಾಸ್ ಹಿಡಿದುಕೊಂಡಿದೆ’ ಎಂದು ಸೋಡಾ ಕುಡಿದು ಮಲಗಬೇಡಿ. ಹೆಂಗಸರಲ್ಲಿ ನೋವಿಲ್ಲದೆ ಬರೀ ಸುಸ್ತು, ಏದುಸಿರು, ಓಕರಿಕೆಯಾಗಿಯೂ ಹೃದಯಾಘಾತ ಬರಬಹುದು. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಫಲ ಕೊಡುವುದು ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಪಕ್ಕದಲ್ಲಿ ಯಾರಿದ್ದರೂ ಸರಿ, ಅವರನ್ನು ಕೂಗಿ ಕರೆದು 108ಕ್ಕೆ ಫೋನ್ ಮಾಡಿಸಿ.