ಮನೆಯ ಗಣಕಯಂತ್ರಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆ

ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಗಣಕಯಂತ್ರವು ಇಂದು ಅಪರೂಪದ ವಸ್ತುವಲ್ಲ. ಕೊಳ್ಳೇಗಾಲ, ಯಳಂದೂರುಗಳಂತಹ ಪಟ್ಟಣಗಳಲ್ಲಿಯೂ ಹನೂರಿನ ಸುತ್ತಲಿನ ಹಳ್ಳಿಗಳಲ್ಲಿಯೂ ಅಣ್ಣನೋ ಅಕ್ಕನೋ ಓದು ಮುಗಿಸಿ ಬಿಟ್ಟುಹೋದ ಯಂತ್ರವನ್ನು ತಮ್ಮತಂಗಿಯರು ಬಳಸುತ್ತಿರುವುದನ್ನು ನಾವು ಕಾಣುತ್ತೇವೆ. ಇಂತಹ ಅನೇಕ ಯಂತ್ರಗಳನ್ನು ನಡೆಸುತ್ತಿರುವುದು 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10 ಎಂಬ ವ್ಯವಸ್ಥೆ. ಇದಕ್ಕೆ ಮೈಕ್ರೋಸಾಫ್ಟ್ ಕಂಪನಿಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುವುದಾಗಿ ಕಂಪನಿಯು 2025ರಲ್ಲಿ ಪ್ರಕಟಿಸಿತು.

ಬೆಂಬಲ ಮುಗಿಯಿತೆಂದರೆ ಯಂತ್ರವು ನಿಂತುಹೋಗುವುದೆಂದು ಅರ್ಥವಲ್ಲ. ಅದು ಎಂದಿನಂತೆಯೇ ನಡೆಯುವುದು. ಆದರೆ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ದೋಷಗಳನ್ನು ಮುಚ್ಚುವವರು ಇರುವುದಿಲ್ಲವಾದುದರಿಂದ, ಅಂತರಜಾಲಕ್ಕೆ ಜೋಡಿಸಿದ ಯಂತ್ರವು ದಿನಕಳೆದಂತೆ ಅಪಾಯಕ್ಕೆ ಹೆಚ್ಚು ಹೆಚ್ಚಾಗಿ ಒಳಗಾಗುತ್ತದೆ. ಇಂತಹ ಸಂದರ್ಭದಲ್ಲಿ ಕೆಲವರು ಯಂತ್ರವನ್ನೇ ನಿರುಪಯುಕ್ತವೆಂದು ಮೂಲೆಗೆ ಸೇರಿಸುವರು. ಮತ್ತೆ ಕೆಲವರು ಆತುರದಿಂದ ಹೊಸ ವ್ಯವಸ್ಥೆಯನ್ನು ಹಾಕಿಸಿ, ವರ್ಷಗಳ ಬರಹಗಳನ್ನೂ ಭಾವಚಿತ್ರಗಳನ್ನೂ ಕಳೆದುಕೊಳ್ಳುವರು. ವಿಷಯವನ್ನು ಅರಿತರೆ ಈ ಎರಡು ನಷ್ಟಗಳನ್ನೂ ತಪ್ಪಿಸಬಹುದು.

ಆಡಳಿತ ಬದಲಾದರೂ ನೆಲ ಬದಲಾಗದು

ಕಾರ್ಯಾಚರಣ ವ್ಯವಸ್ಥೆ ಎಂದರೇನು? ನಮ್ಮ ನಾಡಿನ ಚರಿತ್ರೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಳಂದೂರು ಮೊದಲಿನಿಂದಲೂ ಮೈಸೂರಿಗೆ ಸೇರಿದ್ದಿತು. ಆದರೆ ಹನೂರನ್ನೊಳಗೊಂಡಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಆ ದಿನ ಹೊಲಗದ್ದೆಗಳಾಗಲಿ, ರೇಷ್ಮೆಯ ಮಗ್ಗಗಳಾಗಲಿ, ಜನರ ಪೆಟ್ಟಿಗೆಯಲ್ಲಿದ್ದ ವಸ್ತುಗಳಾಗಲಿ ಒಂದಂಗುಲವೂ ಕದಲಲಿಲ್ಲ. ಬದಲಾದದ್ದು ಆಡಳಿತ.

ಗಣಕಯಂತ್ರದಲ್ಲಿ ನೆಲದ ಸ್ಥಾನದಲ್ಲಿರುವುದು ಪ್ರೊಸೆಸರ್, ಸ್ಮೃತಿ, ಡಿಸ್ಕು, ಕೀಲಿಮಣೆ ಮೊದಲಾದ ಯಂತ್ರಾಂಶ. ಆಡಳಿತದ ಸ್ಥಾನದಲ್ಲಿರುವುದು ಕಾರ್ಯಾಚರಣ ವ್ಯವಸ್ಥೆ. ಯಾವ ತಂತ್ರಾಂಶಕ್ಕೆ ಎಷ್ಟು ಸ್ಮೃತಿಯನ್ನು ಕೊಡಬೇಕು, ಪ್ರೊಸೆಸರನ್ನು ಯಾರು ಎಷ್ಟು ಹೊತ್ತು ಬಳಸಬೇಕು, ಯಾವ ಕಡತವು ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಮೂರನೆಯದಾಗಿ, ನಾವು ಬರೆದ ಪತ್ರ, ತೆಗೆದ ಚಿತ್ರ ಮುಂತಾದ ಕಡತಗಳು. ಇವು ಪ್ರಜೆಗಳ ಸ್ವಂತ ಆಸ್ತಿ. ವ್ಯವಸ್ಥೆಯನ್ನು ಬದಲಾಯಿಸುವುದೆಂದರೆ ಮೊದಲನೆಯದನ್ನು ಹಾಗೆಯೇ ಇರಿಸಿ, ಎರಡನೆಯದನ್ನು ಮಾರ್ಪಡಿಸಿ, ಮೂರನೆಯದನ್ನು ಸುರಕ್ಷಿತವಾಗಿ ದಾಟಿಸುವುದು. ಕೆಲಸದ ಕಷ್ಟವೆಲ್ಲವೂ ಈ ಮೂರನೆಯ ಮಾತಿನಲ್ಲಿಯೇ ಇದೆ.

ಯಂತ್ರದ ಯೋಗ್ಯತೆಯ ಪರೀಕ್ಷೆ

2021ರ ಅಕ್ಟೋಬರ್ 5ರಂದು ಹೊರಬಂದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ಅದಕ್ಕೆ ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಡಿಸ್ಕು, 64 ಬಿಟ್‌ಗಳ ಪ್ರೊಸೆಸರ್ ಬೇಕು.

64 ಬಿಟ್ ಏಕೆ ಬೇಕೆಂಬುದನ್ನು ಗಣಿತದಿಂದ ತಿಳಿಯಬಹುದು. ಸ್ಮೃತಿಯ ಪ್ರತಿಯೊಂದು ಬೈಟಿಗೂ ಮನೆಯ ಬಾಗಿಲಿಗಿರುವಂತೆ ಒಂದು ಸಂಖ್ಯೆಯಿರುತ್ತದೆ. ಈ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುವುದಾದರೆ, 2ನ್ನು 32 ಬಾರಿ ಗುಣಿಸಿದಾಗ ದೊರೆಯುವ 4,29,49,67,296 ಬೈಟುಗಳನ್ನು, ಅಂದರೆ ಸುಮಾರು 4 ಗಿಗಾಬೈಟುಗಳನ್ನು ಮಾತ್ರ ಗುರುತಿಸಬಹುದು. 64 ಬಿಟ್‌ಗಳಾದರೆ ಈ ಮಿತಿಯು ನಮ್ಮ ಬಳಕೆಗೆ ಇಲ್ಲವೆನ್ನುವಷ್ಟು ದೂರ ಸರಿಯುತ್ತದೆ.

ಹಳೆಯ ಯಂತ್ರಗಳು ಹೆಚ್ಚಾಗಿ ಎಡವುವುದು ಬೇರೊಂದು ನಿಬಂಧನೆಯಲ್ಲಿ. ಗುಪ್ತ ಕೀಲಿಸಂಖ್ಯೆಗಳನ್ನು ಕಾಪಾಡುವ ಮತ್ತು ಯಂತ್ರವು ಪ್ರಾರಂಭವಾಗುವಾಗ ಯಾರೂ ಅದರ ಆದೇಶಗಳನ್ನು ತಿದ್ದಿಲ್ಲವೆಂಬುದನ್ನು ತಾಳೆನೋಡಲು ನೆರವಾಗುವ ಟಿ. ಪಿ. ಎಂ. 2.0 ಎಂಬ ರಕ್ಷಣಾ ಭಾಗವು ಇರಬೇಕೆಂದು ಹೊಸ ವ್ಯವಸ್ಥೆಯು ಕೇಳುತ್ತದೆ. ಕೆಲವು ಯಂತ್ರಗಳಲ್ಲಿ ಈ ಭಾಗವಿದ್ದರೂ ಪ್ರಾರಂಭದ ಸಿದ್ಧತಾಪುಟದಲ್ಲಿ ಅದನ್ನು ಆರಿಸಿಟ್ಟಿರುವುದುಂಟು. ಆದುದರಿಂದ ಯಂತ್ರವು ಅಯೋಗ್ಯವೆಂದು ತೀರ್ಮಾನಿಸುವ ಮೊದಲು ಅದನ್ನು ನೋಡತಕ್ಕದ್ದು.

ಯಂತ್ರವು ನಿಧಾನವೆಂಬ ದೂರು ಬೇರೆ. ಅದರ ಕಾರಣವು ಅನೇಕ ವೇಳೆ ತಿರುಗುವ ಹಾರ್ಡ್ ಡಿಸ್ಕು. ನಿಮಿಷಕ್ಕೆ 5400 ಸುತ್ತು ಸುತ್ತುವ ಡಿಸ್ಕು ಸೆಕೆಂಡಿಗೆ 90 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಬಿಂದುವು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ಮೊನೆಯು ಚಲಿಸುವ ಕಾಲವು ಇದಕ್ಕೆ ಸೇರುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್. ಎಸ್. ಡಿ. ಎಂಬ ಘನಸ್ಥಿತಿ ಡಿಸ್ಕಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೇ ಸಾಕು. ಹೀಗೆ ಡಿಸ್ಕನ್ನು ಮಾತ್ರ ಬದಲಾಯಿಸಿದರೂ ಹಳೆಯ ಯಂತ್ರವು ಚುರುಕಾಗುವುದು.

ಅಯೋಗ್ಯವಾದ ಯಂತ್ರಕ್ಕೂ ದಾರಿಯುಂಟು

ಯಂತ್ರವು ಪರೀಕ್ಷೆಯಲ್ಲಿ ಉತ್ತೀರ್ಣವಾಗದಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ರೂಪಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ಟಿ. ಪಿ. ಎಂ. ಇಲ್ಲದ ಯಂತ್ರಗಳಲ್ಲಿಯೂ ಅದು ನಡೆಯುತ್ತದೆ, ಅದಕ್ಕೆ ಭದ್ರತಾ ತಿದ್ದುಪಡಿಗಳೂ ಬರುತ್ತಿರುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಗಣಕವಿದ್ಯೆಯನ್ನು ಕಲಿಯುತ್ತಾರೆ. ಡಿಸ್ಕಿನಲ್ಲಿ ಏನನ್ನೂ ಮಾರ್ಪಡಿಸದೆ ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ ನೋಡುವ ಅನುಕೂಲವುಂಟು. ವಿಂಡೋಸಿಗಾಗಿಯೇ ರಚಿಸಿದ ಕೆಲವು ತಂತ್ರಾಂಶಗಳು ಅಲ್ಲಿ ನಡೆಯಲಾರವು. ತಮಗೆ ಅಗತ್ಯವಾದವು ನಡೆಯುವುವೇ ಎಂಬುದನ್ನು ಈ ಪ್ರಯೋಗದಿಂದ ಮೊದಲೇ ತಿಳಿದುಕೊಳ್ಳಬೇಕು.

ಪ್ರತಿ ತೆಗೆದಿಡುವುದು

ಯಾವ ವ್ಯವಸ್ಥೆಯನ್ನು ಆರಿಸಿಕೊಂಡರೂ ಮೊದಲ ಕೆಲಸ ಒಂದೇ: ಕಡತಗಳ ಪ್ರತಿಯನ್ನು ತೆಗೆಯುವುದು. "ನಮ್ಮ ಕಡತಗಳೆಲ್ಲ ಡಿ ಡ್ರೈವಿನಲ್ಲಿವೆ, ಭಯವಿಲ್ಲ" ಎಂದು ಹೇಳುವವರನ್ನು ನಾವು ಆಗಾಗ ಕಾಣುತ್ತೇವೆ. ಈ ನಂಬಿಕೆಯು ಸರಿಯಲ್ಲ. ಮನೆಯ ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬುವು ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಡಿಸ್ಕು ಕೆಟ್ಟರೆ ಎರಡೂ ಹೋಗುವುವು. ಹೊಸ ವ್ಯವಸ್ಥೆಯನ್ನು ಹಾಕುವವರು ಡಿಸ್ಕನ್ನೆಲ್ಲ ಅಳಿಸಿದರೆ ಆಗಲೂ ಎರಡೂ ಹೋಗುವುವು. ಯಂತ್ರದಿಂದ ಹೊರಗೆ ಬೇರೆಯಾಗಿ ಇಟ್ಟದ್ದು ಮಾತ್ರ ನಿಜವಾದ ಪ್ರತಿ.

ಇದಕ್ಕೆ ಹಿಡಿಯುವ ಕಾಲವಾದರೂ ಎಷ್ಟು? ಕಡತಗಳು 60 ಗಿಗಾಬೈಟ್ ಇದ್ದು, ಪೆನ್ ಡ್ರೈವು ಸೆಕೆಂಡಿಗೆ 30 ಮೆಗಾಬೈಟಿನಂತೆ ಬರೆದುಕೊಳ್ಳುವುದಾದರೆ 2000 ಸೆಕೆಂಡು, ಅಂದರೆ ಸುಮಾರು 33 ನಿಮಿಷ. ಬಹು ಸಣ್ಣ ಕಡತಗಳು ಹೆಚ್ಚಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಹಿಡಿಯುವುದು. ಪ್ರತಿ ತೆಗೆದ ಮೇಲೆ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ತೆರೆದು ನೋಡದ ಪ್ರತಿಯನ್ನು ನಂಬಲಾಗದು.

ಕನ್ನಡ ಕಡತಗಳ ವಿಶೇಷ ಸಮಸ್ಯೆ

ಕನ್ನಡಿಗರು ಇನ್ನೊಂದು ಎಚ್ಚರಿಕೆಯನ್ನೂ ವಹಿಸಬೇಕಾಗಿದೆ. ಗಣಕಯಂತ್ರಕ್ಕೆ ಅಕ್ಷರಗಳ ಅರಿವಿಲ್ಲ. ಅದು ಸಂಖ್ಯೆಗಳನ್ನಷ್ಟೇ ಬಲ್ಲದು. ಇಂಗ್ಲಿಷಿಗಾಗಿ ರೂಪುಗೊಂಡ ಆಸ್ಕಿ ಪಟ್ಟಿಯಲ್ಲಿ 128 ಸಂಖ್ಯೆಗಳಿದ್ದು, ಕನ್ನಡಕ್ಕೆ ಎಡೆಯಿರಲಿಲ್ಲ. ಆದುದರಿಂದ ನಮ್ಮ ತಂತ್ರಜ್ಞರು ಒಂದು ಉಪಾಯವನ್ನು ಮಾಡಿದರು. ಇಂಗ್ಲಿಷ್ ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂಡಿಸಿ ಫಾಂಟುಗಳನ್ನು ರಚಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಈ ಉಪಾಯದಿಂದ ಕನ್ನಡಕ್ಕೆ ಮಾಡಿದ ಸೇವೆಯು ದೊಡ್ಡದು.

ಆದರೆ ಇದರ ಫಲವನ್ನು ಗಮನಿಸಿರಿ. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂಬ ಒಂದು ಅಕ್ಷರವು 80 ಮತ್ತು 192 ಎಂಬ ಎರಡು ಸಂಖ್ಯೆಗಳಾಗಿ ಕಡತದಲ್ಲಿ ಉಳಿಯುತ್ತದೆ. 80 ಎಂಬುದು ಇಂಗ್ಲಿಷಿನ ಪಿ ಅಕ್ಷರದ ಸಂಖ್ಯೆ. 192 ಎಂಬುದು ತಲೆಯ ಮೇಲೆ ಗೆರೆಯುಳ್ಳ ಎ ಅಕ್ಷರದ ಸಂಖ್ಯೆ. ಆ ಫಾಂಟು ಇರುವ ತನಕ ಕಣ್ಣಿಗೆ ಕನ್ನಡ ಕಾಣಿಸುವುದು. ಹೊಸ ವ್ಯವಸ್ಥೆಯಲ್ಲಿ ಫಾಂಟು ಇಲ್ಲವಾದರೆ, ತಾತನ ಆತ್ಮಕಥೆಯಾಗಲಿ ಸಹಕಾರ ಸಂಘದ ನಡವಳಿಯಾಗಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುವುದು. ಕಡತವು ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಡುವವರೂ ಇರಬಹುದು. ಹಳೆಯ ಆಡಳಿತದ ಲಿಪಿಯನ್ನು ಹೊಸ ಗುಮಾಸ್ತನು ಓದಲಾರದ ಪರಿಸ್ಥಿತಿ ಇದು.

ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳಿವೆ. 'ಕ' ಅಕ್ಷರಕ್ಕೆ 3221 ಎಂಬ ಸಂಖ್ಯೆಯಿದ್ದು, ಜಗತ್ತಿನ ಯಾವ ಭಾಷೆಯ ಅಕ್ಷರಕ್ಕೂ ಆ ಸಂಖ್ಯೆಯಿಲ್ಲ. ಯೂನಿಕೋಡಿನಲ್ಲಿರುವ ಕಡತವನ್ನು ವಿಂಡೋಸ್, ಲಿನಕ್ಸ್, ಕೈಫೋನು ಎಲ್ಲವೂ ಓದಬಲ್ಲವು. ಅದರಲ್ಲಿ ಪದಗಳನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು. ಆದುದರಿಂದ ಹಳೆಯ ವ್ಯವಸ್ಥೆಯು ಇನ್ನೂ ನಡೆಯುತ್ತಿರುವಾಗಲೇ ನುಡಿ, ಬರಹಗಳಲ್ಲಿರುವ ಪರಿವರ್ತಕಗಳಿಂದ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಬೇಕು. ಮೂಲ ಕಡತವನ್ನೂ ಅದರ ಫಾಂಟನ್ನೂ ಜೊತೆಯಲ್ಲಿ ಉಳಿಸಿಕೊಳ್ಳತಕ್ಕದ್ದು.

ವಿದ್ಯುತ್ತು ಮತ್ತು ವ್ಯವಸ್ಥೆಯ ಸ್ಥಾಪನೆ

ವಿಂಡೋಸ್ 11ನ್ನು ಹೊಂದಿದ ಪೂರ್ಣ ಕಡತವು 5 ಗಿಗಾಬೈಟನ್ನು ಮೀರುತ್ತದೆ. ಕೈಫೋನಿನ ಸಂಕೇತ ಕ್ಷೀಣವಾಗಿರುವ ಬೆಟ್ಟದ ಸೀಮೆಯ ಹಳ್ಳಿಗಳವರು ಪಟ್ಟಣದಲ್ಲಿ ಅದನ್ನು 8 ಗಿಗಾಬೈಟಿನ ಪೆನ್ ಡ್ರೈವಿಗೆ ಇಳಿಸಿಕೊಂಡು ಹೋಗುವುದು ಮೇಲು. ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಯಾರೋ ಕೊಟ್ಟ ಕಳ್ಳಪ್ರತಿಯಲ್ಲಿ ಏನು ಬೆರೆತಿದೆಯೆಂದು ಹೇಳಲಾಗದು.

ಸ್ಥಾಪನೆಯ ನಡುವೆ ವಿದ್ಯುತ್ತು ಹೋಗುವುದು ಒಳ್ಳೆಯದಲ್ಲ. ಮೇಜಿನ ಗಣಕಕ್ಕೆ ಯು. ಪಿ. ಎಸ್. ಇದೆಯೆಂದು ಪೂರ್ಣ ನಿಶ್ಚಿಂತೆಯೂ ಸಲ್ಲದು. ಅದರ ಬ್ಯಾಟರಿಯು 12 ವೋಲ್ಟು, 7 ಆಂಪಿಯರ್-ಗಂಟೆಯದಾದರೆ ಅದರಲ್ಲಿರುವ ಶಕ್ತಿ 84 ವ್ಯಾಟ್-ಗಂಟೆ. ಯಂತ್ರವು 120 ವ್ಯಾಟ್ ಬಳಸುವುದಾದರೆ ಲೆಕ್ಕದ ಪ್ರಕಾರ 42 ನಿಮಿಷ ನಡೆಯಬೇಕು. ವಾಸ್ತವದಲ್ಲಿ ವೇಗವಾಗಿ ಬರಿದಾಗುವ ಸೀಸದ ಬ್ಯಾಟರಿಯು ತನ್ನ ಪೂರ್ಣ ಶಕ್ತಿಯನ್ನು ಕೊಡುವುದಿಲ್ಲ, ಪರಿವರ್ತನೆಯಲ್ಲಿಯೂ ನಷ್ಟವುಂಟು. ಆದುದರಿಂದ ಅದರ ಅರ್ಧದಷ್ಟೂ ದೊರೆಯದೆಂದು ಭಾವಿಸಬೇಕು. ಮಳೆಗಾಳಿಯಿಲ್ಲದ ದಿನ, ವಿದ್ಯುತ್ತು ನಿಲ್ಲದ ಹೊತ್ತನ್ನು ಆರಿಸಿಕೊಳ್ಳುವುದು ಉತ್ತಮ. ಲ್ಯಾಪ್‌ಟಾಪನ್ನು ಪೂರ್ಣವಾಗಿ ಚಾರ್ಜು ಮಾಡಿ, ವಿದ್ಯುತ್ತಿಗೆ ಜೋಡಿಸಿಯೇ ಇರಿಸಬೇಕು.

ಹಳೆಯ ವಿಂಡೋಸಿನ ಮೇಲೆಯೇ ಹೊಸದನ್ನು ಏರಿಸುವ ಕ್ರಮದಲ್ಲಿ ಕಡತಗಳು ಸಾಮಾನ್ಯವಾಗಿ ಉಳಿಯುತ್ತವೆ. ಹಿಡಿಸದಿದ್ದರೆ 10 ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು. ಡಿಸ್ಕನ್ನು ಅಳಿಸಿ ಹೊಸದಾಗಿ ಸ್ಥಾಪಿಸುವ ಕ್ರಮದಲ್ಲಿ ಮರಳುವ ದಾರಿಯಿಲ್ಲ. ಎರಡರಲ್ಲಿ ಯಾವುದನ್ನು ಮಾಡಲಿರುವರೆಂದು ಅಂಗಡಿಯವರನ್ನು ಮೊದಲೇ ಕೇಳುವುದು ಪ್ರತಿಯೊಬ್ಬರ ಹಕ್ಕು.

ಗಣಕಯಂತ್ರದ ಭಾಗಗಳನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸಬಹುದು. ಮನೆಯವರು ಬರೆದಿಟ್ಟ ಮಾತುಗಳು ಮಾತ್ರ ಒಮ್ಮೆ ಹೋದರೆ ಹೋದವೇ. ಆದುದರಿಂದ ಮೊದಲು ಬರಹ, ಅನಂತರ ವ್ಯವಸ್ಥೆ ಎಂಬ ಕ್ರಮವನ್ನು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಬಳಕೆಗೆ ತರಬೇಕೆಂದು ನಾವು ಬಯಸುತ್ತೇವೆ.

ಅಭ್ಯಾಸ

1. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತಚಿಹ್ನೆಗಳಿಗೆ ಪ್ರತ್ಯೇಕ ಸಂಖ್ಯೆಗಳಿವೆ. ಇದರಂತೆ 'ಕೊಳ್ಳೇಗಾಲ' ಎಂಬ ಪದಕ್ಕೆ 9 ಸಂಖ್ಯೆಗಳು ಬೇಕು. 'ಹನೂರು', 'ಯಳಂದೂರು' ಪದಗಳಿಗೆ ಎಷ್ಟು ಬೇಕು?

2. ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಇಂತಹ ಪ್ರತಿಯೊಂದು ಕನ್ನಡ ಸಂಖ್ಯೆಗೂ 3 ಬೈಟು ಹಿಡಿಯುತ್ತದೆ. ಮೂರು ಊರುಗಳ ಹೆಸರುಗಳಿಗೆ ಒಟ್ಟು ಎಷ್ಟು ಬೈಟು ಬೇಕು?

3. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಸರಾಸರಿ ಕಾಯಬೇಕಾದ ಕಾಲವೆಷ್ಟು?

(ಉತ್ತರ: 1. 5 ಮತ್ತು 7, 2. 63 ಬೈಟು, 3. ಸುಮಾರು 4.2 ಮಿಲಿಸೆಕೆಂಡು.)